ಕೆಡ್ಡಸದಲ್ಲಿ ಕೀಳದ ಹೂ

"ಏಯ್, ಅಗೀಬೇಡಿ ಮಾರಾಯ್ರೆ! ಕೈ ತೆಗೀರಿ!"

ಕಾಂತಿ ಓಡಿ ಬಂದಳು. ವೇಣೂರಿನ ಮೇಲಿನ ಪದವಿನಲ್ಲಿ, ಆ ಬೋಳುಗುಡ್ಡದ ಬಯಲಿನಲ್ಲಿ, ಮುರಕಲ್ಲು, ಒಣಗಿದ ಮುಳಿಹುಲ್ಲು ಬಿಟ್ಟರೆ ಬೇರೇನೂ ಇಲ್ಲವೆಂದೇ ಊರವರ ಮಾತು. ಆದರೆ ಯಾವ ಕಲ್ಲಿನ ಬಿರುಕಿನಲ್ಲಿ ಯಾವ ಹೂವಿದೆಯೆಂದು ಅವಳಿಗೆ ಗೊತ್ತು. ಅಂಥದೇ ಒಂದು ನೀಲಿ ಹೂವಿನ ಬುಡಕ್ಕೆ ಚೂರಿ ಹಾಕಿ ಕುಳಿತಿದ್ದ, ಇಸ್ತ್ರಿ ಅಂಗಿಯ ಯುವಕ!

"ಒಂದು ಗಿಡ ಅಲ್ವಾ?"

"ಇವತ್ತಿಂದ ಕೆಡ್ಡಸ! ಮೂರು ದಿನ ಭೂಮಿತಾಯಿ ಹೊರಗೆ ಕೂತಿರ್ತಾಳೆ. ಮಣ್ಣಿಗೆ ನೋವು ಮಾಡಬಾರದು ಅಂತ ಮನೆಯಲ್ಲಿ ಹೇಳಿಕೊಟ್ಟಿಲ್ವಾ?"

"ಅಮ್ಮ ಹೇಳಿದ್ದರು... ನಾವಿರುವಲ್ಲಿ ಕಾಲಿಗೆ ಮಣ್ಣೇ ಸಿಗುವುದಿಲ್ಲ. ಮರೆತೇ ಹೋಯಿತು."

ಸಡಿಲಾದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, "ತಪ್ಪಾಯ್ತು ಅಮ್ಮಾ" ಎಂದ. ಅವಳಿಗಲ್ಲ... ನೆಲಕ್ಕೆ!

ಕಾಂತಿಯ ಕೋಪ ಅಲ್ಲೇ ಕರಗಿತು.

ಸಂಜೆ ಸೋದರಮಾವ ಸುಬ್ಬಯ್ಯ ಶೆಟ್ಟರು ಹೆಣ್ಣು ನೋಡಲೆಂದು ಕರೆತಂದ ಹುಡುಗ... ಅವನೇ! ನಿತ್ಯಾನಂದ. ಬೊಂಬಾಯಿಯಲ್ಲೇ ಬೆಳೆದು, ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿದವನು. ಮೊನ್ನೆಯಷ್ಟೇ ಹಡಗಿನಲ್ಲಿ ಬಂದಿಳಿದಿದ್ದ.

"ಕೆಡ್ಡಸ ಮುಗೀಲಿ, ನಾಲ್ಕನೇ ದಿನ ಹೇಳ್ತೇನೆ" ಎಂದಷ್ಟೇ ಹೇಳಿ ಹೊರಟುಹೋದ.

ಬೆಳಗಿನ ಸಂಗತಿ ಕೇಳಿದ ಕಾಂತಿಯ ಅಮ್ಮ ಚುಚ್ಚಿದರು, "ಅವರು ನೋಡ್ಲಿಕ್ಕೆ ಬಂದದ್ದು ಹುಡುಗಿಯನ್ನು, ಪೊಲೀಸಿನವರನ್ನಲ್ಲ!"

'ಮನಸ್ಸಿಗೆ ಹಿಡಿಸಿದವನನ್ನೇ ಬೈದು ಓಡಿಸಿದೆನಲ್ಲಾ...'

ಕೆಡ್ಡಸದ ಕಡೆಯ ದಿನ, ಭೂಮಿತಾಯಿಯ ಸ್ನಾನಕ್ಕೆಂದು ಅಂಗಳದ ಮಣ್ಣಿಗೆ ಎಣ್ಣೆ ಬಿಡುವಾಗಲೂ ಅವಳ ಕಣ್ಣು ದಾರಿಯ ಕಡೆಗೇ ಇತ್ತು.

ಮರುದಿನ ಬೆಳಿಗ್ಗೆ ತಡೆಯಲಾರದೆ ಪದವು ಹತ್ತಿದಳು. ಹೂವಿನ ಪಕ್ಕ ಅವನು ಕುಳಿತಿದ್ದ! ಕೈಯಲ್ಲಿ ಚೂರಿ ಇರಲಿಲ್ಲ.

"ಇವತ್ತು... ಅಗೀಬಹುದು" ಎಂದಳು.

"ಬೇಡ. ಅಮ್ಮ ಹುಟ್ಟಿದ್ದು ಈ ಊರಿನಲ್ಲೇ. ಈ ಹೂ ನೆನೆದು ಅಳ್ತಾರೆ, ಅದಕ್ಕೇ ಒಯ್ಯುವ ಅಂತಿದ್ದೆ. ಆದರೆ ಬೊಂಬಾಯಿಯ ಖೋಲಿಯಲ್ಲಿ ಇದು ಬದುಕಲಿಕ್ಕಿಲ್ಲ. ನಿಮ್ಮನ್ನೂ ಹೀಗೇ ಕಿತ್ತುಕೊಂಡು ಹೋಗುವುದಾ... ಮೂರು ದಿನದಿಂದ ಅದೇ ಯೋಚನೆ."

"ಹಾಗಾದರೆ... ಬೇಡವಾ?"

"ಅಯ್ಯೋ, ಹಾಗಲ್ಲ! ನಿನ್ನೆ ಮೂಡಬಿದ್ರೆಯಲ್ಲಿ ಒಂದು ಸಣ್ಣ ಹೋಟೆಲು ನಡೆಸ್ಲಿಕ್ಕೆ ಮಾತಾಡಿ ಬಂದೆ. ಅಮ್ಮನನ್ನೇ ಇಲ್ಲಿಗೆ ಕರೆಸ್ತೇನೆ. ನೀವು ಒಪ್ಪಿದರೆ..."

ಕಾಂತಿಗೆ ಅಳು, ನಗು ಒಟ್ಟಿಗೇ ಬಂದವು. ಮೂರು ದಿನದ ಭಾರ ಇಳಿದಂತಾಗಿ, ಇದ್ದಲ್ಲೇ ಕುಳಿತುಬಿಟ್ಟಳು.

"ಬೈದದ್ದಕ್ಕೆ ಕೋಪ ಇಲ್ವಾ?"

"ಉಂಟು. ಇಂಥ ಹೂ ಇನ್ನೆಲ್ಲೆಲ್ಲಿ ಉಂಟು ಅಂತ ತೋರಿಸಿದರೆ ಹೋಗ್ತದೆ."

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಬನ್ನಿ. ನೋಡಿ ಕಾಲಿಡಿ, ತುಳೀಬೇಡಿ ಮತ್ತೆ!"

"ಪುನಃ ಬೈದ್ರಾ?"

"ಹೂಂ... ಈಗಿಂದಲೇ ಅಭ್ಯಾಸ ಮಾಡ್ಕೊಳ್ಳಿ."