ಊದಿಕೊಂಡ ಪ್ಲೇಟು

ಬೆಳಿಗ್ಗೆ ಪ್ರೆಸ್ಸಿನ ಮೆಷಿನ್ನಿನಿಂದ ಅಚ್ಚಾಗಿ ಹೊರಬಂದ ಮೊದಲ ಹಾಲಿನ ಕವರು ನೋಡಿ ಯಜಮಾನರ ಮುಖ ಕಪ್ಪಿಟ್ಟಿತು. ಅಕ್ಷರಗಳು ದಪ್ಪಗಾಗಿ ಒಂದಕ್ಕೊಂದು ಅಂಟಿದ್ದವು. ಸಿಲಿಂಡರಿಗೆ ಸುತ್ತಿದ್ದ ರಬ್ಬರಿನಂಥ ಅಚ್ಚಿನ ಪ್ಲೇಟು ಊದಿಕೊಂಡಿತ್ತು.

"ಪ್ಲೇಟು ತೊಳೆಯೋಳು ನೀನು. ಹಾಳು ಮಾಡಿದೋಳೂ ನೀನೇ. ಸಂಜೆಯೊಳಗೆ ಕೋಣೆ ಖಾಲಿ ಮಾಡು!"

ಪ್ರೆಸ್ಸಿನವರೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದವಳು ಕೋಣೆಯ ಬಾಗಿಲತ್ತ ನೋಡಿದಳು. ಪ್ರೆಸ್ಸಿನ ಹಿಂದಿನ ಆ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಮಲಗಿದ್ದರು. ಅವರನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

"ನಾನು ಮುಟ್ಟಿಲ್ಲ ಸಾರ್. ನಿನ್ನೆ ಸಂಜೆ ಬರೋ ಹೊತ್ತಿಗೆ ಮೆಷಿನ್ ಮೇಲೇ ಕ್ಲೀನಾಗಿತ್ತು. ಹಾಗೇ ಬಿಟ್ಟೆ."

"ಏನು, ಪ್ಲೇಟು ತಾನೇ ಸ್ನಾನ ಮಾಡ್ಕೊಳ್ತಾ?"

ಮೆಷಿನ್ ಓಡಿಸುವವನು, ಎಲ್ಲರೂ ಮೀಸೆ ಎನ್ನುತ್ತಿದ್ದವನು, ನೆಲ ನೋಡುತ್ತ ನಿಂತಿದ್ದ.

ಮಧ್ಯಾಹ್ನ ಪ್ಲೇಟು ಮಾಡಿಕೊಟ್ಟ ಕಂಪನಿಯಿಂದ ತಪಾಸಣೆಯ ಮೇಡಂ ಬಂದರು. ಬಂದವರೇ ಅತ್ತಿಗೆಗೆ ಕುರ್ಚಿ ಎಳೆದುಕೊಟ್ಟರು.

"ದಿನಾ ಹೇಗೆ ತೊಳೀತೀಯಮ್ಮ?"

"ಸಿಲಿಂಡರಿಂದ ಬಿಚ್ಚಿ, ಮೇಜಿನ ಮೇಲೆ ಹಾಸಿ, ನೀವು ಕೊಟ್ಟ ದ್ರಾವಣದಲ್ಲಿ."

"ಯಾವತ್ತಾದ್ರೂ ಬಿಚ್ಚದೆ—?"

"ಇಲ್ಲ. ಪ್ಲೇಟನ್ನ ಸಿಲಿಂಡರಿಗೆ ಅಂಟಿಸಿರೋ ಕೆಳಗಿನ ಟೇಪು ನೆನೆದುಹೋಗುತ್ತೆ."

ಮೇಡಂ ಪ್ಲೇಟಿನ ಅಂಚು ಎತ್ತಿದರು. ಕೆಳಗಿನ ಟೇಪಿನ ಅಂಟು ಸುತ್ತಲೂ ಕರಗಿ ನೂಲುನೂಲಾಗಿ ಎದ್ದುಬಂತು.

"ಎಲ್ಲರೂ ಅಕ್ಷರ ನೋಡಿದ್ರಿ. ಅಂಟು ಯಾರೂ ನೋಡ್ಲಿಲ್ಲ. ಈಕೆ ತೊಳೆದಿದ್ರೆ ಟೇಪಿಗೆ ಹನಿಯೂ ತಾಕ್ತಿರ್ಲಿಲ್ಲ. ಯಾರೋ ಮೆಷಿನ್ ಮೇಲೇ ಒರೆಸಿದಾರೆ. ಅದೂ ಇಂಕಿನ ತಟ್ಟೆ ತೊಳೆಯೋ ಥಿನ್ನರಲ್ಲಿ. ಕಬ್ಬಿಣದ ತಟ್ಟೆಗೇನೂ ಆಗಲ್ಲ, ಪ್ಲೇಟಿಗೆ ಅದು ವಿಷ, ಊದಿಬಿಡುತ್ತೆ. ತಟ್ಟೆ ತೊಳೆಯೋರು ಯಾರು?"

ಎಲ್ಲರೂ ಮೀಸೆಯತ್ತ ತಿರುಗಿದರು.

"ನಾನೇ," ಅಂದ ಮೀಸೆ. "ಆ ದ್ರಾವಣಕ್ಕೆ ಅತ್ತಿಗೆ ಕೈ ಬಿರಿದು ರಕ್ತ ಬರ್ತಿತ್ತು. ಒಂದು ದಿನನಾದ್ರೂ ಕೈಗೆ ಬಿಡುವು ಸಿಗ್ಲಿ ಅಂತ... ಬೆಳಿಗ್ಗೆ ಕವರು ನೋಡಿ ನಾಲಿಗೆ ಬಿದ್ದುಹೋಯ್ತು."

"ಪಾಪಿ!" ಅಂದಳು ಅತ್ತಿಗೆ. "ಒಂದು ಮಾತು ಹೇಳೋಕೇನಾಗಿತ್ತೋ? ಅತ್ತೇನ ಬೀದೀಲಿ ಮಲಗಿಸ್ತಿದ್ದೆನಲ್ಲೋ!"

"ಹಾಗಾದ್ರೆ ನೀನೇ ಹೊರಡು," ಅಂದರು ಯಜಮಾನರು ಮೀಸೆಗೆ.

ಅತ್ತಿಗೆಯ ಕೋಣೆ ಉಳಿಯಿತು, ಕೆಲಸವೂ ಉಳಿಯಿತು. ಆದರೂ ಅವಳು ಯಜಮಾನರ ದಾರಿಗಡ್ಡವಾಗಿ ನಿಂತು ಬಿರಿದ ಬೆರಳುಗಳಿಂದ ಮೇಜು ಹಿಡಿದಳು.

"ಯಾರಾದ್ರೂ ಒಬ್ರು ಹೋಗ್ಲೇಬೇಕಾ ಸಾರ್?"

ಮೀಸೆ ಆಗಲೇ ಏಪ್ರನ್ ಬಿಚ್ಚುತ್ತಿದ್ದ.