ಸಾವಿರದೊಂಬೈನೂರ ಎಪ್ಪತ್ತರ ಒಪ್ಪಿಗೆ

2014ರ ಸೆಪ್ಟೆಂಬರ್ 29, ಸೋಮವಾರ ಬೆಳಿಗ್ಗೆ ಹೈದರಾಬಾದಿನ ಜೀಡಿಮೆಟ್ಲಾ ಠಾಣೆಗೆ ಬಂದ ದೂರಿನಲ್ಲಿ ಅಪರಾಧ, ಅಪರಾಧಿ, ಕಾರಣ ಎಲ್ಲವೂ ಅಚ್ಚುಕಟ್ಟಾಗಿತ್ತು. ಪೊಲೀಸರಿಗೆ ಉಳಿದದ್ದು ಬೇಡಿ ತೊಡಿಸುವ ಕೆಲಸ ಮಾತ್ರ. ಇನ್ಸ್‌ಪೆಕ್ಟರ್ ವಾಸುದೇವ ಅವರಿಗೆ ಇಂಥ ದೂರು ಕಂಡರೇ ಮೈ ಉರಿಯುತ್ತಿತ್ತು.

ತಂದವರು ಔಷಧ ಕಾರ್ಖಾನೆಯೊಂದರ ಮ್ಯಾನೇಜರ್ ರವಿಶಂಕರ್. ಶೀತಕೋಣೆಯಲ್ಲಿ ಬಿಸಿಯೇರಿ ಕೆಟ್ಟ ಇನ್ಸುಲಿನ್ ಅಂಗಡಿಗಳಿಗೆ ಹೋಗಿಬಿಟ್ಟಿತ್ತು. ಅದನ್ನು ಚುಚ್ಚಿಸಿಕೊಂಡ ಮಲ್ಕಾಜ್‌ಗಿರಿಯ ರೈಲ್ವೆ ನೌಕರರೊಬ್ಬರ ಹೆಂಡತಿ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದರು. ಸರಕು ಹೊರಬೀಳಬೇಕಾದರೆ ಕಾರ್ಖಾನೆಯ ಮೊಬೈಲ್ ಆ್ಯಪ್‌ನಲ್ಲಿ ಗುಟ್ಟಿನ ಪಿನ್ ಒತ್ತಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಇದ್ದದ್ದು ಗುಣಮಟ್ಟ ವಿಭಾಗದ ವಿಶಾಲಾಕ್ಷಿಯ ಹೆಸರಿನಲ್ಲಿ, ತಾರೀಖು 1 ಜನವರಿ 1970. ಸಿಕ್ಕಿಬೀಳುವ ಭಯಕ್ಕೆ ಆಕೆಯೇ ತಾರೀಖು ತಿದ್ದಿದ್ದಾಳೆ, ಸಂಜೆಯೊಳಗೆ ಬಂಧಿಸಿ ಎಂದು ರವಿಶಂಕರ್ ಪಟ್ಟು ಹಿಡಿದರು.

FIR ದಾಖಲಾಯಿತು, ಬಂಧನ ಆಗಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇಲಾಖೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ವಾಸುದೇವ ಅಂಥವರ ಪೈಕಿ ಅಲ್ಲ.

ವಿಶಾಲಾಕ್ಷಿ ಗುಲಬರ್ಗಾ ಕಡೆಯವಳು. ಠಾಣೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು, ಅಳುತ್ತಿರಲಿಲ್ಲ. ಒಪ್ಪಿಗೆ ಕೊಟ್ಟ ದಿನ ಎಲ್ಲಿದ್ದಿರಿ ಎಂದು ವಾಸುದೇವ ಕೇಳಿದರು.

“ಯಾವ ದಿನ ಅಂತ ಹೇಳ್ರಿ ಸಾಹೇಬ್ರ, ಸಾಕ್ಷಿ ತರ್ತೀನಿ,” ಎಂದಳು. “ಎಪ್ಪತ್ತರಾಗ ನಾ ಹುಟ್ಟೇ ಇರಲಿಲ್ಲ.”

ಹೆಡ್ ಕಾನ್‌ಸ್ಟೆಬಲ್ ಚಂದ್ರಾಮನಿಗೆ ನಗು ಬಂತು, ಸಾಹೇಬರ ಮುಖ ನೋಡಿ ನುಂಗಿಕೊಂಡ. ಹೆಂಗಸು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದಿನವೇ ಗೊತ್ತಿಲ್ಲದಿದ್ದರೆ ನಿರಪರಾಧಿಯಾದರೂ ಏನು ಸಾಬೀತು ಮಾಡಿಯಾಳು? ಆ ದಿನ ಸಿಗದೆ ಈ ಕೇಸು ಬಿಡುವುದಿಲ್ಲ ಎಂದು ವಾಸುದೇವ ಅಲ್ಲೇ ನಿಶ್ಚಯಿಸಿದರು.

ಮಧ್ಯಾಹ್ನ ವಾಸುದೇವ, ಚಂದ್ರಾಮ ಇಬ್ಬರೂ ಮಾಧಾಪುರಕ್ಕೆ ಹೋದರು. ಆ್ಯಪ್ ಬರೆದ ಹುಡುಗ ಸೃಜನ್ ಮೈಸೂರಿನವನು. ಪೊಲೀಸರನ್ನು ಕಂಡೇ ಅರ್ಧ ಇಳಿದುಹೋಗಿದ್ದ.

“1970 ಯಾರೂ ಬರೆದಿದ್ದಲ್ಲ ಸಾರ್. ಫೋನಿಂದ ಬಂದ ತಾರೀಖನ್ನ ಓದೋಕೆ ಆಗ್ಲಿಲ್ಲ ಅಂದ್ರೆ ನಮ್ಮ ಸರ್ವರ್ ಸೊನ್ನೆ ಅಂತ ಇಟ್ಕೊಳ್ಳುತ್ತೆ. ಕಂಪ್ಯೂಟರಿಗೆ ಕಾಲದ ಎಣಿಕೆ ಶುರುವಾಗೋದೇ ಅವತ್ತಿಂದ.”

“ಓದಾಕ ಯಾಕ ಆಗಲಿಲ್ಲ?” ವಾಸುದೇವ ಕೇಳಿದರು.

ಅದು ಅವನಿಗೂ ಗೊತ್ತಿರಲಿಲ್ಲ. ಫೋನು ಕಳಿಸಿದ ಮೂಲ ಪಠ್ಯವನ್ನು ಕೆದಕಿ ತೆಗೆಯಲು ಒಂದಿಷ್ಟು ಹೊತ್ತು ಹಿಡಿಯಿತು. ಪರದೆಯ ಮೇಲೆ ಬಂದದ್ದು ಹೀಗಿತ್ತು: १७-०९-२०१४ १८:४०.

“ಇವು ಮರಾಠಿ ಅಂಕಿ ಅಲ್ಲೇನ್ರಿ,” ಎಂದ ಚಂದ್ರಾಮ.

ಸೃಜನ್ ಹಣೆ ಹಿಡಿದುಕೊಂಡ. ತಾರೀಖನ್ನು ಆಯಾ ಫೋನಿನ ಭಾಷೆಯಲ್ಲೇ ಬರೆಯುವಂತೆ ಮಾಡಿದ್ದು ಅವನೇ. ತೆಲುಗು, ಕನ್ನಡ, ಹಿಂದಿ ಇಟ್ಟ ಫೋನುಗಳಲ್ಲೂ ಅಂಕಿ ಇಂಗ್ಲಿಷಿನದೇ ಬರುವುದರಿಂದ ತೊಂದರೆ ಕಾಣಿಸಿರಲಿಲ್ಲ. ಮರಾಠಿಯಲ್ಲಿ ಅಂಕಿಯೂ ಬದಲಾಗುತ್ತದೆ, ಅದನ್ನಿಟ್ಟು ಪರೀಕ್ಷಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಜನಕ್ಕೆ ತೋರಿಸೋ ತಾರೀಖು ಬೇರೆ, ಸರ್ವರ್‌ಗೆ ಕಳಿಸೋ ತಾರೀಖು ಬೇರೆ ಸಾರ್. ನಾನು ಎರಡನ್ನೂ ಒಂದೇ ಮಾಡಿಬಿಟ್ಟೆ,” ಎಂದ.

ಆ್ಯಪ್ ಕಾರ್ಖಾನೆಯ ವೈಫೈನಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನೂ ಅವನಿಂದ ಬರೆಸಿಕೊಂಡರು. ಅಂದರೆ ಒಪ್ಪಿಗೆ ಕೊಟ್ಟವರು 17ರ ಸಂಜೆ ಆರೂ ನಲವತ್ತಕ್ಕೆ ಒಳಗೇ ಇದ್ದರು.

ಮರುದಿನ ಗೇಟಿನ ಕ್ಯಾಮೆರಾ ನೋಡಲಾಯಿತು. 17ರಂದು ವಿಶಾಲಾಕ್ಷಿ ಮೂರು ಗಂಟೆಗೇ ಬ್ಯಾಗು ಹಿಡಿದು ಹೊರಟಿದ್ದಳು, ಬಸುರಿ ತಂಗಿಯ ಕುಬುಸಕ್ಕೆ. ಮರಳಿ ಬಂದದ್ದು ಎರಡು ದಿನ ಬಿಟ್ಟು. ಅದೇ ದಿನ ಶೀತಕೋಣೆಯ ಪಾಳಿ ಉಸ್ತುವಾರಿ ಹೇಮಂತ ಎರಡಕ್ಕೆ ಹೊರಗೆ ಹೋಗಿ ಆರಕ್ಕೆ ಒಳಗೆ ಬಂದಿದ್ದ. ಪಾಳಿಯ ನಡುವೆ ಹೊರಗೇನು ಕೆಲಸ?

ಪಂಚರ ಎದುರು ಆ ಪಾಳಿಯವರ ಫೋನುಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವ ಹಾಗೆ ಹೇಮಂತ ಹೆದರಬೇಕಿತ್ತು. ಅವನು ಆರಾಮವಾಗಿ ಇಟ್ಟ, ಫೋನು ತನ್ನನ್ನು ಹಿಡಿದುಕೊಟ್ಟಿದೆ ಎಂಬ ಸುಳಿವೇ ಅವನಿಗಿರಲಿಲ್ಲ. ಭಾಲ್ಕಿ ತಾಲೂಕಿನ ಮರಾಠಿ ಶಾಲೆಯಲ್ಲಿ ಓದಿದವನು. ಮರಾಠಿ ಇದ್ದದ್ದು ಅವನೊಬ್ಬನ ಫೋನಿನಲ್ಲಿ. ಪಂಚನಾಮೆ ಬರೆದು ಫೋನು ವಶಪಡಿಸಿಕೊಂಡರು.

“ಹದಿನೇಳಕ್ಕ ಎಲ್ಲಿ ಹೋಗಿದ್ದಿ?” ವಾಸುದೇವ ಕೇಳಿದರು.

“ಮಲ್ಕಾಜ್‌ಗಿರಿ ಸ್ಟೇಷನ್‌ಕ್ಕ. ಅವ್ವ ಬರಾಕತ್ತಿದ್ಲು, ಗಾಡಿ ತಡ ಆತು.”

“ಕೋಣಿ ಯಾರಿಗೆ ಒಪ್ಪಿಸಿದ್ದಿ?”

“ಯಾರಿಗೂ ಇಲ್ರಿ.”

“ಮೇಡಮ್‌ರ ಪಿನ್?”

“ನನ್ನ ಮುಂದನ ಒತ್ತತಿದ್ರು. ಎಂದೂ ಕೈ ಮುಚ್ಚಿಕೊಂಡಿಲ್ಲ.”

ಉಳಿದದ್ದನ್ನು ಅವನೇ ಹೇಳಿದ. ಅವನಿಲ್ಲದಾಗ ಕರೆಂಟು ಹೋಗಿತ್ತು, ಜನರೇಟರ್ ಹಾಕುವವರಿರಲಿಲ್ಲ. ನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದವನಿಗೆ ಮುಂದಿನ ವಾರ ಕಾಯಂ ಆದೇಶ ಬರುವುದಿತ್ತು. ಸ್ವಲ್ಪ ಬಿಸಿಗೆ ಏನಾಗುತ್ತದೆ ಎಂದುಕೊಂಡು ತನ್ನ ಫೋನಿನಲ್ಲೇ ಮೇಡಮ್‌ರ ಪಿನ್ ಒತ್ತಿ ಸರಕು ಬಿಟ್ಟ. ವಿಶಾಲಾಕ್ಷಿ ಊರಿಗೆ ಹೋದದ್ದು ಅವನಿಗೆ ಗೊತ್ತಿರಲಿಲ್ಲ, ಆಕೆ ಹೊರಡುವಾಗ ಅವನು ಸ್ಟೇಷನ್‌ನಲ್ಲಿದ್ದ. ಬಂಧನದ ಪತ್ರಕ್ಕೆ ಸಹಿ ಹಾಕುವ ಮುಂಚೆ ಇನ್ಸುಲಿನ್ ಚುಚ್ಚಿಸಿಕೊಂಡು ಆಸ್ಪತ್ರೆ ಸೇರಿದ್ದ ಆ ತಾಯಿ ಹೇಗಿದ್ದಾರೆಂದು ಕೇಳಿದ. ಕಣ್ಣು ಬಿಟ್ಟಿದ್ದಾರೆ ಎಂದ ಚಂದ್ರಾಮ.

ಹೇಳಿಕೆ ಕೊಡಲು ಬಂದ ವಿಶಾಲಾಕ್ಷಿ ಬಾಗಿಲ ಬಳಿಯೇ ನಿಂತಿದ್ದಳು. ವಾಸುದೇವ ಕೊನೆಯದಾಗಿ ಒಂದು ಕೇಳಿದರು.

“ಆಫೀಸರ್ ಮಂದಿ ಐದಾರು ಇದ್ರು. ಆಕಿ ಹೆಸರ ಯಾಕ?”

ಹೇಮಂತ ತಲೆ ಎತ್ತಲಿಲ್ಲ. “ಭಾಳ ಚಲೋ ಹೆಸರ್ರಿ ಅದು. ಮೇಡಮ್‌ರು ಒಪ್ಯಾರಂದ್ರ ಯಾರೂ ಎರಡನೇ ಸಲ ನೋಡೂದಿಲ್ಲ.”

ಎರಡು ದಿನದಿಂದ ಕಣ್ಣೀರು ಹಾಕದ ವಿಶಾಲಾಕ್ಷಿ ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಅತ್ತುಬಿಟ್ಟಳು.