ಮೆಟ್ಟಿಲು ಮುಚ್ಚಿದ ಬಾವಿ

"ಹಿಂಗ ಕುಂಟಿದ್ರ ಕುರಿನೇ ನಿಮ್ಮನ್ನ ಕಾಯ್ಬೇಕಾಗತೈತಿ ನೋಡ್ರಿ."

ಮೆಟ್ಟಿಲ ಬಾವಿಯಿಂದ ಕೊಡ ಹೊತ್ತು ಹತ್ತಿ ಬರುತ್ತಿದ್ದ ಲಿಂಗಕ್ಕ ನಕ್ಕಳು. ಗೋನೆಗಂಡ್ಲ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಉಚ್ಚೀರಪ್ಪ ನಗಲಿಲ್ಲ. ಅವನ ಪಾದದ ಹುಣ್ಣಿನಿಂದ ಬಿಳಿ ದಾರದಂಥ ಹುಳ ಇಣುಕುತ್ತಿತ್ತು. ನಾರುಹುಣ್ಣು.

"ಬೆಂಕಿ ಇಟ್ಟಂಗ ಉರಿತೈತಿ..."

ಅವಳ ನಗು ನಿಂತಿತು. "ಬರ್ರಿ, ನೀರಾಗ ಕಾಲು ಇಳಿಬಿಡ್ರಿ. ತಂಪಾಗತೈತಿ."

ಆಸ್ಪರಿ ಸೀಮೆಯ ಆ ಊರಿಗೆ ಕುಡಿಯಲು ಇದ್ದುದು ಅದೊಂದೇ ಬಾವಿ. ಅವನು ಕಾಲು ಇಳಿಬಿಟ್ಟು ಕಣ್ಣು ಮುಚ್ಚಿದ. ಆ ಮುಖ ನೋಡುತ್ತಾ ಅವಳು ಅಲ್ಲೇ ನಿಂತುಬಿಟ್ಟಳು. ಆ ಬೇಸಿಗೆಯೆಲ್ಲ ಅವನ ಕುರಿಗಳು ಅದೇ ಊರಿನ ಸುತ್ತ ಮೇಯ್ದವು.

ಮರುವರ್ಷ ಊರ ತುಂಬ ನಾರುಹುಣ್ಣು. ಲಿಂಗಕ್ಕನ ಅಣ್ಣನ ಹೆಂಡತಿ ಬಸವಕ್ಕನೂ ಹಾಸಿಗೆ ಹಿಡಿದಳು. ಯುದ್ಧದ ವರ್ಷಗಳವು, ಸರಕಾರದವರು ಇತ್ತ ಸುಳಿಯುವುದೇ ಅಪರೂಪ. ಹೇಗೋ ಬಂದ ಹೆಲ್ತ್ ಇನ್‌ಸ್ಪೆಕ್ಟರ್, ಹುಣ್ಣಿನ ಕಾಲು ನೀರಿಗಿಳಿದದ್ದೇ ಮೂಲ, ಹುಳದ ಮರಿ ಆ ನೀರು ಕುಡಿದವರ ಮೈ ಸೇರುತ್ತದೆ, ಮೆಟ್ಟಿಲು ಮುಚ್ಚಿ ಮೇಲಿಂದ ಸೇದಿರಿ ಎಂದು ಹೇಳಿ ಹೋದ.

ಮೆಟ್ಟಿಲು ಮುಚ್ಚಲು ಒಬ್ಬನೂ ಕಲ್ಲೆತ್ತಲಿಲ್ಲ. ಎಲ್ಲರೂ ತಪ್ಪಿತಸ್ಥನ ಕಾಲು ಹುಡುಕಿದರು. ದಿನಾ ಮೊಣಕಾಲುದ್ದ ನೀರಿಗಿಳಿಯುತ್ತಿದ್ದವರು ತಾವೇ, ಸಿಕ್ಕವನು ಮಾತ್ರ ಆ ಬೇಸಿಗೆಗೂ ಮರಳಿ ಬಂದಿದ್ದ ಪರವೂರಿನ ಕುರಿಗಾರ.

"ಯಾರು ಹೇಳಿದ್ರಲೇ ನಿನಗ ಇಳಿಯಾಕ?" ಊರ ಹಿರಿಯ ಮರಿಬಸಪ್ಪ ಕೇಳಿದ.

ಉಚ್ಚೀರಪ್ಪ ಲಿಂಗಕ್ಕನತ್ತ ನೋಡಿದ. ಅವಳು ಕಣ್ಣು ಕೆಳಗಿಳಿಸಿದಳು.

"ಯಾರಿಲ್ಲ. ನಾನ ಇಳದೆ."

ಅವನನ್ನು ಊರು ಬಿಡಿಸಿದರು. ಒಂದು ಮಾತು... ಒಂದೇ ಒಂದು ಮಾತು ತಾನು ಹೇಳಬೇಕಿತ್ತು. ಅವನು ಇನ್ನೆಂದೂ ತನ್ನ ಮುಖ ನೋಡಲಾರ ಎಂದೇ ಅವಳು ನಂಬಿದಳು.

ವರ್ಷ ಕಳೆಯಿತು. ಒಂದು ಬೆಳಗ್ಗೆ ಬಾವಿಯ ಕಡೆ ಗದ್ದಲ. ಬಂಡಿ ತುಂಬ ಕಲ್ಲು ತಂದ ಉಚ್ಚೀರಪ್ಪ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟುತ್ತಿದ್ದ.

"ನೀರು ಕೆಡಿಸಿದಾತ ಈಗ ಬಾವಿನೂ ಮುಚ್ಚಾಕ ಬಂದಾನ," ಎಂದು ಮರಿಬಸಪ್ಪ ಕೋಲೆತ್ತಿದ.

ಲಿಂಗಕ್ಕ ನಡುವೆ ಹೋಗಿ ನಿಂತಳು.

"ಅವತ್ತು ಕಾಲು ಇಳಿಬಿಡ್ರಿ ಅಂದಾಕಿ ನಾನು, ಕಾಕಾ. ಹೊಡಿಯೋದಿದ್ರ ನನಗ ಹೊಡಿ."

ಎತ್ತಿದ ಕೋಲನ್ನು ಅವನು ಕೆಳಗಿಳಿಸಿದ. ಕುಂಟುತ್ತಾ ಬಂದಿದ್ದ ಬಸವಕ್ಕ ಅವಳನ್ನು ನೋಡದೆಯೇ ಹಿಂದಿರುಗಿದಳು. ಜನ ಒಬ್ಬೊಬ್ಬರಾಗಿ ಚದುರಿದರು.

"ಸಿಟ್ಟೈತೇನ್ರಿ ನನ್ನ ಮ್ಯಾಲ?"

"ಐತಿ. ಅವತ್ತ ನೀ ಹೇಳಿದ್ರ ಇಬ್ರೂ ಕೂಡಿ ಅವತ್ತ ಮುಚ್ಚುತಿದ್ವಿ. ಮತ್ತೊಂದು ವರ್ಷ ಅದ ನೀರು ಕುಡದಾರ ಮಂದಿ."

ಅವಳು ಅತ್ತಳು. ಅವನು ಕಲ್ಲು ಇಡುತ್ತಲೇ ಇದ್ದ.

"ಮತ್ಯಾಕ ಬಂದ್ರಿ?"

"ನೀನೂ ಅದ ನೀರು ಕುಡಿಯಾಕಿ..."

ಲಿಂಗಕ್ಕ ಸೆರಗು ಸಿಕ್ಕಿಸಿ ಒಂದು ಕಲ್ಲು ಎತ್ತಿ ಕೊಟ್ಟಳು.

"ಗ್ವಾಡಿ ಮುಗದ ಮ್ಯಾಲ ಹೋಗ್ತೀರೇನು?"

"ನನ್ನ ಕೇಳಬ್ಯಾಡ. ಈ ಸಲ ನೀನ ಹೇಳು."

"ಇರ್ರಿ," ಎಂದಳು ಅವಳು, ಇಡೀ ಓಣಿಗೆ ಕೇಳುವಂತೆ.